ರತ್ನಾಬಾಯಿ ಮಾತಾಡದ ಒಂದು ತಾಸು

"ಸೋಮವಾರ ಆಪರೇಶನ್! ಇನ್ನ ಇದರ ಮ್ಯಾಲ ಚರ್ಚಾ ನಕೋ!"

ಶಾಂತಲಿಂಗಪ್ಪನವರು ಊಟದ ತಾಟು ಸರಿಸಿ ಎದ್ದರು. ಸೊಲ್ಲಾಪುರದಲ್ಲಿ ಚಾದರಿನ ವ್ಯಾಪಾರ ಮಾಡಿ ತಲೆ ನರೆಸಿಕೊಂಡ ಅವರಿಗೆ ಮನೆಯಲ್ಲಿ ಎದುರು ಮಾತು ಕೇಳಿ ಗೊತ್ತಿರಲಿಲ್ಲ. ಹೆಂಡತಿ ರತ್ನಾಬಾಯಿಯ ಕೊರಳಲ್ಲಿ ನೆಲ್ಲಿಕಾಯಿಯಷ್ಟು ಥೈರಾಯ್ಡ್ ಗಂಟು ಕಾಣಿಸಿಕೊಂಡಿತ್ತು. ಸೂಜಿ ಚುಚ್ಚಿ ಮಾಡಿದ ಪರೀಕ್ಷೆ, ಕ್ಯಾನ್ಸರ್ ಹೌದೋ ಅಲ್ಲವೋ ಹೇಳಲಾಗದು ಎಂದು ಕೈಚೆಲ್ಲಿತ್ತು. ಹಾಗಾದರೆ ಕೊರಳು ಕೊಯ್ದು ಅರ್ಧ ಗ್ರಂಥಿ ತೆಗೆದೇ ನೋಡೋಣ ಎಂಬುದು ಯಜಮಾನರ ತೀರ್ಮಾನ.

"ಮಾವಾರ, ಸಿಟ್ಟಾಗಬ್ಯಾಡ್ರಿ... ಮೊದಲ ಪೆಟ್ ಸ್ಕ್ಯಾನ್ ಮಾಡಸೂಣ್ರಿ. ಡಾಕ್ಟರು ಆ ಹಾದಿನೂ ಹೇಳ್ಯಾರ. ಆ ಚಿತ್ರದಾಗ ಗಂಟು ಹೊಳೀಲಿಲ್ಲಂದ್ರ ಕೊಯ್ಯೂದ ಬ್ಯಾಡ."

ಅಡುಗೆಮನೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದ ಸೊಸೆ ಸ್ನೇಹಲಳ ದನಿ ಅದು! ಮಾವನ ಎದುರು ಸೊಸೆ ಮಾತಾಡಬಾರದೆಂಬುದು ಆ ಮನೆಯ ರಿವಾಜು. ಆರು ವರ್ಷದಲ್ಲಿ ಇದೇ ಮೊದಲು. ಗಂಡ ಯೋಗಿರಾಜ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಕುಳಿತ. ಲಗ್ನಕ್ಕೆ ಮೊದಲು ಸ್ನೇಹಲ ವಿಜಾಪುರ ರಸ್ತೆಯ ಒಂದು ಸ್ಕ್ಯಾನ್ ಕೇಂದ್ರದಲ್ಲಿ ರಿಪೋರ್ಟು ಟೈಪು ಮಾಡುತ್ತಿದ್ದಳು. ಕೊರಳು ಕೊಯ್ಸಿಕೊಂಡ ಮೇಲೆ ಗಂಟಿನಲ್ಲಿ ಏನೂ ಇರಲಿಲ್ಲವೆಂದು ತಿಳಿದವರನ್ನು ಕಂಡಿದ್ದಳು. ದನಿಯ ನರಕ್ಕೆ ಪೆಟ್ಟಾಗಿ ಪಿಸುಗುಟ್ಟುತ್ತ ಉಳಿದವಳೊಬ್ಬಳನ್ನೂ ಕಂಡಿದ್ದಳು.

"ರಿಪೋರ್ಟ್ ಬಡಿಯೂಕಿ ನನಗ ಶಾಣ್ಯಾತನ ಕಲಸ್ತಿ? ಇಕಿ ಜೀವಕ್ಕ ಏನರೆ ಆತಂದ್ರ ನೀ ನಾಗಣಸೂರಿನ ತವರಮನಿ ಹಾದಿ ಹಿಡೀಬೇಕು, ತಿಳೀತಿಲ್ಲ?" ಮಾವ ಗುಡುಗಿದರು.

ರತ್ನಾಬಾಯಿ ಸೊಸೆಯನ್ನು ದುರುಗುಟ್ಟಿ ನೋಡಿದರು. ದೇವರು ಅವರಿಗೆ ಕೊಟ್ಟ ದೊಡ್ಡ ಆಸ್ತಿಯೆಂದರೆ ಬಾಯಿ. ಸಾರಿಗೆ ಉಪ್ಪು ಹೆಚ್ಚಾದ ಸುದ್ದಿ ಓಣಿಯ ಕೊನೆಯ ಮನೆಗೂ ಮುಟ್ಟುತ್ತಿತ್ತು.

"ಕೊರಳು ನಂದು. ಸ್ಕ್ಯಾನ್ ಮಾಡಸ್ತೀನಿ. ಖರೆ ಇಕಿ ಮಾತು ಕೇಳಿ ಅಲ್ಲ!"

ಶನಿವಾರ ರತ್ನಾಬಾಯಿಯನ್ನು ಬರಿಹೊಟ್ಟೆಯಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಸಕ್ಕರೆಯಂಥ ಒಂದು ಔಷಧವನ್ನು ನರಕ್ಕೆ ಚುಚ್ಚುತ್ತಾರೆ. ಕೆಟ್ಟ ಗಂಟಾದರೆ ಅದನ್ನು ಹೀರಿ ಚಿತ್ರದಲ್ಲಿ ಹೊಳೆಯುತ್ತದೆ.

"ಕಾಕೂ, ಇನ್ನೊಂದು ತಾಸು ಮಾತಾಡಬ್ಯಾಡ್ರಿ," ಎಂದಳು ಅಲ್ಲಿಯ ನರ್ಸು. "ಮಾತಾಡಿದ್ರ ಕೊರಳಿನ ಸ್ನಾಯುನೂ ಔಷಧ ಎಳಕೋತಾವ. ಚಿತ್ರ ಕೆಡತದ."

ಒಂದು ತಾಸು! ರತ್ನಾಬಾಯಿ! ಯೋಗಿರಾಜನಿಗೆ ಆ ಸಂಕಟದಲ್ಲೂ ನಗು ಬಂತು.

ಒಬ್ಬರೇ ಕೋಣೆಯಲ್ಲಿ ಕುಳಿತ ರತ್ನಾಬಾಯಿಗೆ ಹೊರಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಹೆದರಿಕೆಯನ್ನು ಸಿಟ್ಟು ಮಾಡಿಕೊಳ್ಳುವುದು ಗಂಡಸರ ಚಾಳಿ. ಶಾಂತಲಿಂಗಪ್ಪನವರು ಸೊಸೆಯ ಮೇಲೆ ಹರಿಹಾಯ್ದರು.

"ಅತ್ತಿ ಸತ್ರ ಬೈಗಳ ತಪ್ಪತದ ಅಂತ ಕಾಯಾಕತ್ತಿ ಏನು?"

"ಮಾವಾರ!... ಹಂಗ ಅನಬ್ಯಾಡ್ರಿ..." ಸ್ನೇಹಲ ಬಿಕ್ಕಿದಳು. "ಭಾಳ ಬೈಸ್ಕೊಂಡೀನಿ, ಸುಳ್ಳಲ್ಲ. ಆದ್ರ ನನಗ ಡೆಂಗ್ಯೂ ಬಂದಾಗ ಹನ್ನೊಂದು ದಿನ ತಲಿದಿಂಬಿಗಿ ಕೂತು 'ಏಳ, ಗಂಜಿ ಕುಡಿ' ಅಂದದ್ದು ಅದ ಬಾಯಿ. ಅದು ನಿಂತ್ರ ಆ ಮನ್ಯಾಗ ನಾ ಹ್ಯಾಂಗ ಇರಲ್ರಿ?"

ಒಳಗೆ ರತ್ನಾಬಾಯಿಯ ಎದೆ ಒಡೆಯಿತು. ಗಂಡನಿಗೆ ಹೇಳಬೇಕಾದದ್ದು ನಾಲಿಗೆಯ ತುದಿಗೆ ನುಗ್ಗಿ ಬಂತು. ಗಡಿಯಾರದಲ್ಲಿ ಇನ್ನೂ ನಲವತ್ತು ನಿಮಿಷ... ಸೆರಗನ್ನು ಬಾಯಿಗೆ ತುರುಕಿಕೊಂಡರು. ಕಣ್ಣೀರು ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಹರಿಯಿತು.

ಸಂಜೆ ಡಾಕ್ಟರು ಚಿತ್ರ ತೋರಿಸಿದರು.

"ಗಂಟು ಹೊಳದಿಲ್ಲ. ಕ್ಯಾನ್ಸರ್ ಇರೂ ಸಾಧ್ಯತಾ ಭಾಳ ಕಡಿಮಿ. ಆಪರೇಶನ್ ಬ್ಯಾಡ. ವರ್ಷಕ್ಕೊಮ್ಮಿ ಸೋನೋಗ್ರಾಫಿ ಮಾಡಿ ನೋಡಕೋತ ಹೋಗೂಣು."

ಸ್ನೇಹಲ ಗೋಡೆಗೆ ಒರಗಿ ಗಳಗಳನೆ ಅತ್ತಳು. ರತ್ನಾಬಾಯಿ ಎದ್ದು ನಿಂತರು.

"ಏನ್ರಿ! ಬಾಯಿಗಿ ಸೆರಗ ತುರುಕ್ಕೊಂಡಿದ್ದೆ, ಕಿವಿಗಲ್ಲ! ನನ್ನ ಸೊಸಿಗಿ ಅಂದ ಮಾತು ವಾಪಸ್ ತಗೋರಿ. ಇಲ್ಲೇ! ಎಲ್ಲಾರ ಮುಂದ!"

ಆಸ್ಪತ್ರೆಯ ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಶಾಂತಲಿಂಗಪ್ಪನವರು ಸೊಸೆಯ ಹತ್ತಿರ ಬಂದರು.

"ತಪ್ಪಾತವಾ, ಮಗಳ..."

ಕಾಲಿಗೆ ಬಾಗಿದ ಸ್ನೇಹಲಳನ್ನು ಅತ್ತೆ ಎತ್ತಿ ಅಪ್ಪಿಕೊಂಡರು. "ನನ್ನ ಜೋಡಿ ನೀನೂ ಮುಂಜಾನಿಂದ ಉಪಾಸ ಇದ್ದಿ. ನಡಿ ಮನಿಗಿ. ಇವತ್ತ ಇವರು ಬಡಸ್ತಾರ!"

ಬಡಿಸಿದರು! ಮಾವ ರೊಟ್ಟಿ ಹಾಕಿದರು, ಸೊಸೆ ತಲೆ ಬಗ್ಗಿಸಿ ಉಂಡಳು. ರತ್ನಾಬಾಯಿ ಪಕ್ಕದಲ್ಲೇ ಕುಳಿತಿದ್ದರು.

"ತುಪ್ಪಾ ಇನ್ನೊಂದು ಚಮಚಾ ಹಾಕ್ರಿ. ಆಕಿ ಕೇಳೂದಿಲ್ಲ, ನಾಚಿಕಿ ಭಾಳ."