ಗೀಚಿ ಮುಚ್ಚಿದ ಸಾಲು

"ರೀ, ಆ ಪೆನ್ನು ಕೆಳಗಿಡಿ!"

ಗಣಿತದ ಮೇಷ್ಟ್ರು ಕೆಂಪರಾಜು ಅಮೃತಳಿಗೆ ಹೇಳಿದ ಮೊದಲ ಮಾತೇ ಇದು!

ಮದ್ದೂರಿನ ಹತ್ತಿರದ ಆ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಸೇರಿದ ದಿನ, ಅವಳು ಸ್ಟಾಫ್ ರೂಮಿನ ಮೇಜಿನ ಮೇಲಿದ್ದ, ಬರೆದದ್ದನ್ನು ಪರದೆಗೆ ಕಳಿಸುವ ಡಿಜಿಟಲ್ ಪೆನ್ನಿನಲ್ಲಿ ಅದರ ಚುಕ್ಕಿ ಹಾಳೆಯ ಮೇಲೆ ಬಸ್ಸಿನ ಟೈಮು ಬರೆದುಕೊಂಡಿದ್ದಳು. ಅದೆಲ್ಲ ಪಕ್ಕದ ಕೋಣೆಯಲ್ಲಿ, ಅವನ ಪಾಠದ ನಡುವೆ ಪರದೆಯ ಮೇಲೆ ಮೂಡಿ, ಮಕ್ಕಳು ಬಿದ್ದು ಬಿದ್ದು ನಕ್ಕಿದ್ದರು.

ಅಂದು ಅವನ ಮೇಲೆ ಎಷ್ಟು ಸಿಟ್ಟು! ಆರು ತಿಂಗಳಲ್ಲಿ ಅದೆಲ್ಲಿ ಹೋಯಿತೋ... ಈಗ ಅವನ ಬೈಕಿನ ಸದ್ದಿಗೇ ಎದೆ ಹೊಡೆದುಕೊಳ್ಳುತ್ತದೆ.

ಆದರೆ ನಾಳೆಯಿಂದ ಅವನು ಮಳವಳ್ಳಿಯ ಶಾಲೆಗೆ! ತಾನೇ ಬರೆದುಕೊಟ್ಟು ವರ್ಗ ಮಾಡಿಸಿಕೊಂಡನಂತೆ.

'ನನಗೊಂದು ಮಾತು ಹೇಳಬಾರದಿತ್ತೇ?' ರಾತ್ರಿಯಿಡೀ ಅವಳಿಗೆ ನಿದ್ದೆಯಿಲ್ಲ.

ಇವತ್ತು ಹತ್ತನೇ ತರಗತಿಯಲ್ಲಿ ಅವನು ಆ ಪೆನ್ನು, ಪ್ರೊಜೆಕ್ಟರು ಎಲ್ಲವನ್ನೂ ಅವಳಿಗೆ ಒಪ್ಪಿಸುತ್ತಿದ್ದ. ಕೈ ಪಳಗಲೆಂದು ನಿನ್ನೆ ಸಂಜೆ ಪೆನ್ನನ್ನು ಮನೆಗೊಯ್ದು ಅವಳು ಬರೆದ ಮೂತ್ರಪಿಂಡದ ಚಿತ್ರ ಪೆನ್ನಿನೊಳಗೇ ಇತ್ತು.

"ನೋಡಿ ಮೇಡಂ, ಈ ಗುಂಡಿ ಒತ್ತಿದ್ರೆ ಮೊದ್ಲಿಂದ ಒಂದೊಂದೇ ಗೆರೆ ಬತ್ತದೆ. ಗೀಚಾಕಿದ್ರೂ ಅದರಡಿ ಏನ್ ಬರ್ದಿದ್ರೋ ಅದೂ ಕಾಣ್ತದೆ."

ಅಮೃತ ತಟ್ಟನೆ ಪೆನ್ನಿಗೆ ಕೈ ಚಾಚಿದಳು. ಆ ಚಿತ್ರದ ಕೆಳಗೆ... ಅಯ್ಯೋ ದೇವರೇ!

"ಬೇಡ ಸರ್! ಒತ್ಬೇಡಿ!"

"ತಪ್ಪು ಬರ್ದಿದ್ರೇನಾಯ್ತು, ಮಕ್ಳು ತಿದ್ಕತವೆ ಬುಡಿ."

ಒತ್ತಿಯೇಬಿಟ್ಟ.

ಒಂದು ಗೆರೆ... ಇನ್ನೊಂದು ಗೆರೆ... ಅವಳು ನಿಂತಲ್ಲಿ ನಿಲ್ಲಲಾರಳು, ಓಡಿಹೋಗಲೂ ಆರಳು. ಚಿತ್ರ ಮುಗಿಯಿತು. ಕೆಳಗೆ ಅಕ್ಷರಗಳು ಮೂಡತೊಡಗಿದವು.

'ಹೋಗಬೇಡಿ ಕೆಂಪರಾಜು. ನೀವಿಲ್ಲದೆ ನನಗೆ ಈ ಶಾಲೆ ಬೇಡ.'

ಆಮೇಲಷ್ಟೇ ಅದರ ಮೇಲೆ ಕಪ್ಪು ಗೀಚು ಬಂತು. ಅಷ್ಟರಲ್ಲಿ ಇಡೀ ತರಗತಿ ಗಟ್ಟಿಯಾಗಿ ಓದಿ ಮುಗಿಸಿತ್ತು!

"ಮೇಡಮ್ಮೂ ನಮ್ಮಂಗೇ ಬ್ಯಾಸ್ರ ಮಾಡ್ಕಂಡವ್ರೆ ಕಣ್ಲಾ!" ಹಿಂದಿನ ಬೆಂಚಿನಿಂದ ಯಾರೋ ಅಂದರು.

ಅಮೃತ ವರಾಂಡಕ್ಕೆ ಓಡಿದಳು. ಮಕ್ಕಳಿಗೆ ಚಿತ್ರ ಬರೆಯಲು ಹೇಳಿ ಅವನೂ ಹಿಂದೆಯೇ ಬಂದ.

"ನಿಮ್ಮನ್ನ ನೋಡಾಕೆ ಬಂದಿದ್ದ ಬಂಡೂರಿನ ಗಂಡಿಗೆ ನೀವು ಒಪ್ಪಿದ್ದೀರಿ ಅಂದ್ರಲ್ಲ ಎಲ್ರೂ..." ಎಂದ ಅವನು. "ನೋಡ್ಕಂಡು ಇರಾಕ್ಕಾಗಲ್ಲ ಅಂತ ಬರ್ಕೊಟ್ಟೆ."

"ಅವ್ರು ನೋಡೋಕೆ ಬಂದ ದಿನವೇ ಬೇಡ ಅಂದೆ ಕಣ್ರೀ! ನನ್ನೊಂದ್ಸಲ ಕೇಳೋಕೆ ಏನಾಗಿತ್ತು?"

"ಹೆದ್ರಿಕೆ ಆಯ್ತು, ಅಮೃತಾ."

ಅವಳಿಗೆ ಅಳು ತಡೆಯಲಾಗಲಿಲ್ಲ.

"ಆರ್ಡರ್ ಬಂದದೆ, ಮಳವಳ್ಳಿಗೆ ಓಗ್ಲೇಬೇಕು. ಆದ್ರೆ ನೀವಂದ್ರೆ ನಂಗೆ ಪ್ರಾಣ. ಭಾನ್ವಾರ ನಿಮ್ಮೂರು ಕೊತ್ತತ್ತಿಗೆ ಬಂದು ನಿಮ್ಮಪ್ಪನ್ನ ಕೇಳ್ಲಾ?"

"ಅಪ್ಪ ಬೈತಾರೆ."

"ಬೈಲಿ."

"ಅವ್ವನೂ ಬೈತಾಳೆ."

"ಬೈಸ್ಕತೀನಿ ಬುಡಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಹಂಗಾದ್ರೆ ಬೆಳಿಗ್ಗೇನೇ ಬಂದ್ಬುಡಿ... ಮಧ್ಯಾಹ್ನದವರ್ಗೂ ನನ್ ಕೈಲಿ ಕಾಯೋಕಾಗಲ್ಲ!"