ಡಿಕ್ಕಿಯೊಳಗಿನ ಸಾಕ್ಷಿ

ಕಾರು ಹೆಂಡತಿಯದು, ತಪ್ಪು ಗಂಡನದು. ಸೋಮಲಿಂಗನ ಸಂಕಟವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ಬರುವುದಿಲ್ಲ.

ಸುಧಾರಾಣಿ ಇಳಕಲ್ಲಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಎಡಮೊಣಕಾಲು ನೋಯುತ್ತದೆಂದು, ಹನ್ನೊಂದು ವರ್ಷ ಪಗಾರದಲ್ಲಿ ಉಳಿಸಿ, ಕ್ಲಚ್ಚೇ ಇಲ್ಲದ ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಗಾಡಿ ಕೊಂಡಿದ್ದಳು. ಗಾಲಿಯ ಕೆಳಗಿನ ನಿಂಬೆಹಣ್ಣು ಒಡೆದು ಇನ್ನೂ ರಸ ಹರಿಯುತ್ತಿರುವಾಗಲೇ ಗಂಡನಿಗೆ ಎರಡನೆಯ ಕೀಲಿ ಕೊಟ್ಟು ಹೇಳಿದ್ದಳು: "ಇದು ಎತ್ತಲ್ಲ, ನೆನಪಿಡ್ರಿ. ನಿಮ್ಮ ತಮ್ಮ ಕರದಾನಂತ ಹೊಲಕ್ಕ ಒಯ್ದು ಇದರ ಕಡಿಂದ ಏನೂ ಎಳಸಬ್ಯಾಡ್ರಿ." ಸೋಮಲಿಂಗ ಬೀರಪ್ಪ ದೇವರ ಅರಿಶಿನದ ಭಂಡಾರ ಮುಟ್ಟಿ ಆಗಲಿ ಅಂದಿದ್ದ. ಅವನಿಗೆ ಆಣೆ ಮಾಡುವುದೆಂದರೆ ಎಲೆಅಡಿಕೆ ಹಾಕಿಕೊಂಡಷ್ಟು ಸಲೀಸು.

ಆಣೆ ಎರಡು ತಿಂಗಳು ಬಾಳಿತು. ಬೇವೂರಿನಲ್ಲಿ ತಮ್ಮ ಪ್ರಭುಲಿಂಗನ ಉಳ್ಳಾಗಡ್ಡಿ ತುಂಬಿದ ಟ್ರೇಲರ್ ಎರೆಮಣ್ಣಿನಲ್ಲಿ ಹೂತು ಕೂತಿತ್ತು. ನಾಲ್ಕು ಮಂದಿ ನೋಡುತ್ತಿದ್ದರು. ನಾಲ್ಕು ಮಂದಿ ನೋಡುತ್ತಿರುವಾಗ ಸುಮ್ಮನಿರುವುದು ಸೋಮಲಿಂಗನ ಜಾತಕದಲ್ಲೇ ಇಲ್ಲ. "ನೂರು ಕುದುರಿ ಬಲ ಐತಲೇ ಇದಕ್ಕ" ಎಂದು ಹಗ್ಗ ಕಟ್ಟಿಸಿದ. ಇಪ್ಪತ್ತು ನಿಮಿಷ ಗಾಡಿ ಚೀರಿತು. ಟ್ರೇಲರ್ ಒಂದು ಮೊಳ ಸರಿಯಿತು. ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಅಂದಿನಿಂದ ಗಾಡಿಯ ನಡೆ ಬದಲಾಯಿತು: ಕಾಲು ಒತ್ತಿದರೆ ಸದ್ದು ಮಾತ್ರ ಮುಂದೆ ಹೋಗುತ್ತದೆ, ಗಾಡಿ ಆಮೇಲೆ ಯೋಚನೆ ಮಾಡಿ ಹಿಂದಿನಿಂದ ಬರುತ್ತದೆ. ಹೆಂಡತಿಗೆ ಅದು ತಿಳಿಯದಿರಲೆಂದು, ಅವಳ ಮೊಣಕಾಲಿನ ನೆಪ ಹೇಳಿ ತಾನೇ ಗಾಡಿ ಓಡಿಸತೊಡಗಿದ.

ಸುಧಾರಾಣಿಗೆ ಗೊತ್ತಾದರೆ ಬೈಯುವುದಿಲ್ಲ. ಅದೇ ಭಯ. ಹಿಂದೆ ಒಂದು ಸುಳ್ಳು ಸಿಕ್ಕಾಗ ನಾಲ್ಕು ತಿಂಗಳು ಮಾತು ಬಿಟ್ಟಿದ್ದಳು. ತಟ್ಟೆಗೆ ರೊಟ್ಟಿ ಬೀಳುವ ಸಪ್ಪಳ ಒಂದೇ ಅವರ ಸಂಸಾರದ ಸಂಭಾಷಣೆಯಾಗಿತ್ತು. ಕೊನೆಗೆ ಅವಳು ಹೇಳಿದ್ದು ಒಂದೇ ಮಾತು: "ಇನ್ನೊಂದು ಸುಳ್ಳು ಸಿಕ್ರ, ನಾ ಇಳಕಲ್ಲಾಗ ಬ್ಯಾರೆ ಮನಿ ಮಾಡ್ತೇನಿ." ಗಣಿತದವಳು, ಲೆಕ್ಕ ತಪ್ಪುವವಳಲ್ಲ.

ಗುರುತಿನವರ ಕಣ್ಣು ತಪ್ಪಿಸಿ ಸೋಮಲಿಂಗ ಬಾಗಲಕೋಟೆಗೆ ಹೋಗಿ ಇರ್ಫಾನನೆಂಬ ಮೆಕ್ಯಾನಿಕನಿಗೆ ಗಾಡಿ ತೋರಿಸಿದ. ಇರ್ಫಾನ ಒಂದು ಸುತ್ತು ಓಡಿಸಿ ತಲೆ ಆಡಿಸಿದ. ಗೇರ್ ಬಾಕ್ಸಿನ ಒಳಗಿನ ಪ್ಲೇಟು ಸುಟ್ಟಿವೆ, ಒಂದು ಲಕ್ಷ ಎಪ್ಪತ್ತು ಸಾವಿರ ಬೇಕು.

"ಎಣ್ಣಿ ಬದಲಿ ಮಾಡಿಸಿದ್ರ ಸುಧಾರಸೂದಿಲ್ಲೇನು?"

"ಸುಟ್ಟ ಮ್ಯಾಲ ಹೊಸಾ ಎಣ್ಣಿ ಹಾಕಿದ್ರ ಇದ್ದ ಹಿಡಿತಾನೂ ಹೋಗ್ತೈತ್ರಿ. ಆಮ್ಯಾಲ ಗಿರಾಕಿ ಬಂದು ನೀನೇ ಕೆಡಿಸಿದಿ ಅಂತ ಮೆಕ್ಯಾನಿಕನ ಕೊರಳಪಟ್ಟಿ ಹಿಡೀತಾನ. ಇಂಥಾ ಗಾಡಿ ಯಾರ್ ಮುಟ್ತಾರ್ರಿ?"

ಇರ್ಫಾನ ಹೇಳಿದ್ದು ಮೂರು ಮಾತು. ಸೋಮಲಿಂಗನ ಕಿವಿಗೆ ಹೋದದ್ದು ನಡುವಿನದೊಂದೇ. ಅಮೀನಗಡ ದಾಟುವಷ್ಟರಲ್ಲಿ ಆ ಮಾತು ಯೋಜನೆಯಾಗಿ, ಹುನಗುಂದದ ಮನೆ ಮುಟ್ಟುವಷ್ಟರಲ್ಲಿ ಕಡತವಾಗಿ ಸಿದ್ಧವಾಗಿತ್ತು. ಇಪ್ಪತ್ತೆರಡು ವರ್ಷ ಸರ್ಕಾರಿ ಗುಮಾಸ್ತಗಿರಿ ಮಾಡಿದವನು; ಒಬ್ಬರ ತಪ್ಪನ್ನು ಇನ್ನೊಬ್ಬರ ಟೇಬಲ್ಲಿಗೆ ಸರಿಸುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಟೇಬಲ್ಲು ಯಾರದು? ಲಾಡಸಾಬನದು. ಇಳಕಲ್ಲಿನ ಬಸ್ ನಿಲ್ದಾಣದ ಹಿಂದೆ ಅವನ ಗ್ಯಾರೇಜು. ಮೂವತ್ತು ವರ್ಷ ಜೀಪು, ಟೆಂಪೊ ಬಿಚ್ಚಿ ಜೋಡಿಸಿದ ಮನುಷ್ಯ. ಗೋಡೆಯ ಮೇಲೆ ತಾನೇ ಬಣ್ಣದಲ್ಲಿ ಬರೆದಿದ್ದ: "ನನ್ನ ಕೈಯಾಗ ಕೆಟ್ಟದ್ದು ನನ್ನ ರೊಕ್ಕದಾಗ ರಿಪೇರಿ." ಊರೆಲ್ಲ ಆ ಬರಹ ಓದಿ ಮೆಚ್ಚಿಕೊಳ್ಳುತ್ತಿತ್ತು. ಸೋಮಲಿಂಗ ಅದನ್ನು ಕರಾರುಪತ್ರ ಓದಿದ ಹಾಗೆ ಓದಿದ. ಜೀಪಿನ ಕಾಲದ ಈ ಮುದುಕನಿಗೆ ಆಟೋಮ್ಯಾಟಿಕ್ ಗಾಡಿಯ ಒಳಗುಟ್ಟು ಎಲ್ಲಿ ತಿಳಿಯಬೇಕು? ಎಣ್ಣೆ ಇಳಿಸು ಅಂದರೆ ಇಳಿಸುತ್ತಾನೆ, ಹಾಕು ಅಂದರೆ ಹಾಕುತ್ತಾನೆ.

ಲಾಡಸಾಬನ ಇನ್ನೊಂದು ಪದ್ಧತಿ ಸೋಮಲಿಂಗನಿಗೆ ಇನ್ನೂ ಹಿಡಿಸಿತು. ಎಣ್ಣೆಯನ್ನು ಗಿರಾಕಿಯೇ ತರಬೇಕು. ಸುರಿದು ಮುಗಿದ ಮೇಲೆ ಅವನು ಒಂದೊಂದೇ ಖಾಲಿ ಕ್ಯಾನಿಗೆ ದಬ್ಬಣದಿಂದ ತೂತು ಹಾಕಿ ಡಿಕ್ಕಿಯಲ್ಲಿಟ್ಟು ವಾಪಸ್ಸು ಕೊಡುತ್ತಾನೆ. ಖಾಲಿ ಕ್ಯಾನಿಗೆ ಕಲಬೆರಕೆ ಎಣ್ಣೆ ತುಂಬಿ ಮಾರುವವರ ಕೈಗೆ ಅದು ಸಿಗಬಾರದಲ್ಲ! ಸೋಮಲಿಂಗನಿಗೆ ನಗು ತಡೆಯಲಾಗಲಿಲ್ಲ. ಲೋಕದಲ್ಲಿ ಎಲ್ಲ ಕಳ್ಳರೂ ಸಾಕ್ಷಿ ಮುಚ್ಚಲು ಒದ್ದಾಡುತ್ತಾರೆ; ಇವನಿಗೋ, ಬಲಿಯಾಗುವವನೇ ಸಾಕ್ಷಿ ತಯಾರಿಸಿ, ತೂತು ಹಾಕಿ, ಡಿಕ್ಕಿಯಲ್ಲಿಟ್ಟು ಕಳಿಸುತ್ತಾನೆ.

ಗುರುವಾರ ಮುಂಜಾನೆ ನಾಲ್ಕು ಕ್ಯಾನು ಎಣ್ಣೆ ಕೊಂಡು, ಬಿಲ್ಲಿಗೆ ಅಂಗಡಿಯ ಸಿಕ್ಕಾ ಹೊಡೆಸಿದ. ಹೆಂಡತಿಯನ್ನು ಶಾಲೆಗೆ ಇಳಿಸಿ, ಗ್ಯಾರೇಜಿನಲ್ಲಿ ಗಾಡಿ ಬಿಟ್ಟ. "ಗೇರ್ ಎಣ್ಣಿ ಬದಲಿ ಮಾಡ್ರಿ ಲಾಡಸಾಬ. ಮತ್ತೇನೂ ತಕರಾರಿಲ್ಲ, ಗಾಡಿ ಹೂ ಇದ್ದಂಗ ಐತಿ. ಸಂಜಿಗೆ ನಮ್ಮಾಕಿ ಬಂದು ಒಯ್ತಾಳ." ಅಲ್ಲಿ ಚಹಾ ಕುಡಿಯುತ್ತಿದ್ದ ನಿವೃತ್ತ ಹೆಡ್‌ಮಾಸ್ತರ ತಿಮ್ಮಣ್ಣನವರು ಕೇಳಲಿ ಎಂದು "ಹೂ ಇದ್ದಂಗ" ಎನ್ನುವುದನ್ನು ಎರಡು ಸಲ ಹೇಳಿದ. ತಿಮ್ಮಣ್ಣನವರ ಮಾತೆಂದರೆ ಇಳಕಲ್ಲಿನಲ್ಲಿ ಕೋರ್ಟಿನ ತೀರ್ಪು. ಆಮೇಲೆ ಬಸ್ಸು ಹತ್ತಿ ಹುನಗುಂದದ ಕಚೇರಿಗೆ ಬಂದ.

ಹನ್ನೊಂದಕ್ಕೆ ಲಾಡಸಾಬನ ಫೋನು ಬಂತು. ಸೋಮಲಿಂಗ ಎತ್ತಲಿಲ್ಲ. ಇದನ್ನೂ ಅವನು ಮೊದಲೇ ಯೋಚಿಸಿದ್ದ. ಮೆಕ್ಯಾನಿಕ ಏನಾದರೂ ಎಚ್ಚರಿಕೆ ಕೊಟ್ಟರೆ, ಕೇಳಿದವನು ಸಿಕ್ಕಿಬೀಳುತ್ತಾನೆ. ಕೇಳದಿದ್ದವನಿಗೆ ದೂರುವ ಹಕ್ಕು ಪೂರಾ ಉಳಿಯುತ್ತದೆ. ಎರಡು ಗಂಟೆಯೊಳಗೆ ಆರು ಸಲ ಫೋನು ಬಡಕೊಂಡಿತು. ಸೋಮಲಿಂಗ ಅದನ್ನು ಬೋರಲು ಹಾಕಿ, ಗಿರ್ಮಿಟ್ ತರಿಸಿ, ಮೆಣಸಿನಕಾಯಿ ಕಡಿಯುತ್ತ ಸಂತೃಪ್ತನಾಗಿ ಕೂತ.

ಸಂಜೆ ಸುಧಾರಾಣಿ ಗಾಡಿ ತಂದಳು. "ಕ್ಯಾನ್ ಡಿಕ್ಯಾಗ ಇಟ್ಟಾನಂತ್ರಿ. ನಿಮಗ ಫೋನ್ ಹಚ್ಚಾಕ ಹೇಳ್ಯಾನ, ಏನೋ ಮಾತೈತಂತ. ಕೂಲಿ ಕೇಳಿದ್ರ, ಸಾಹೇಬ್ರ ಕೂಡ ಮಾತಾಡ್ತೇನಿ ಅಂದ, ಒಂದ್ ರೂಪಾಯಿ ಮುಟ್ಟಲಿಲ್ಲ."

"ಮಾತಾಡೂಣಂತ" ಅಂದ ಸೋಮಲಿಂಗ. ಕೂಲಿಯೂ ಉಳಿಯಿತು. ದೈವ ಒಲಿದರೆ ಹೀಗೆಯೇ, ಚಿಲ್ಲರೆ ಸಮೇತ ಒಲಿಯುತ್ತದೆ.

ಡಿಕ್ಕಿಯನ್ನು ಅವನು ಮುಟ್ಟಲಿಲ್ಲ, ಯಾರಿಗೂ ಮುಟ್ಟಗೊಡಲಿಲ್ಲ. ಸಾಕ್ಷಿಯ ಮೇಲೆ ಬೇರೆಯವರ ಬೆರಳಚ್ಚು ಬೀಳಬಾರದೆಂದು ಟಿವಿಯಲ್ಲಿ ಪೊಲೀಸರು ಹೇಳುವುದನ್ನು ಅವನು ಎಷ್ಟೋ ಸಲ ಕೇಳಿದ್ದ. ಶನಿವಾರ ಇಬ್ಬರೂ ಬಾದಾಮಿಯ ಬನಶಂಕರಿಗೆ ಹೊರಟಾಗ ಸುಧಾರಾಣಿ ರೊಟ್ಟಿಬುತ್ತಿಯ ಗಂಟು, ನೀರಿನ ಕ್ಯಾನು, ಹಣ್ಣುಕಾಯಿ ಬುಟ್ಟಿ ಎಲ್ಲವನ್ನೂ, ಹಿಂದಿನ ಸೀಟಿನಲ್ಲಿಟ್ಟರೆ ಉರುಳುತ್ತವೆಂದು, ತೊಡೆಯ ಮೇಲೆ ಹೊತ್ತು ಕೂತಳು. "ಡಿಕ್ಕಿ ಎದಕ್ಕ ಐತ್ರಿ?" ಎಂದರೆ, "ಹಣ್ಣುಕಾಯಿ ಎಣ್ಣಿ ವಾಸನಿ ಹಿಡೀತಾವ" ಎಂದ. ಅವನು ಗಾಡಿಯನ್ನು ಏರಿನಲ್ಲೆಲ್ಲ ಕಾಲು ಒತ್ತಿ ಗೋಳಾಡಿಸಿದ. ಹೊಸ ಎಣ್ಣೆ ಬಿದ್ದು ಎರಡು ದಿನವಾದರೂ ಇದು ಸಾಯಲೊಲ್ಲದಲ್ಲ ಎಂದು ಅವನಿಗೆ ಸಿಟ್ಟೇ ಬಂದಿತ್ತು. ಮುದುಕನ ಕೈಗುಣ ಅಂದುಕೊಂಡ. ಕೊನೆಗೆ ಅಮೀನಗಡದ ಈಚೆಗೆ ಗಾಡಿ ಒಮ್ಮೆ ನಡುಗಿ, ಜೋರಾಗಿ ಕೂಗಿ, ಅಲ್ಲೇ ನಿಂತಿತು.

ಸೋಮಲಿಂಗ ಹಣೆಗೆ ಕೈ ಹಚ್ಚಿದ. "ಸುಧಾ, ಎರಡು ದಿನದ ಹಿಂದ ಎಣ್ಣಿ ಬದಲಿ ಮಾಡಿಸಿವಿ. ಆ ಲಾಡಸಾಬ ನಿನ್ನ ಗಾಡಿ ಕೊಂದ!" ಅವನ ಕಣ್ಣಲ್ಲಿ ಖರೆ ನೀರು ಬಂತು, ಒಂದು ಲಕ್ಷ ಎಪ್ಪತ್ತು ಸಾವಿರ ನೆನಪಾದರೆ ಅದು ಬರಲು ಕಷ್ಟಪಡಬೇಕಿರಲಿಲ್ಲ. ಸುಧಾರಾಣಿ ಬುಟ್ಟಿ ಹಿಡಿದು ರಸ್ತೆಯ ಬದಿಗೆ ನಿಂತಳು. ಹನ್ನೊಂದು ವರ್ಷದ ಉಳಿತಾಯವನ್ನು ನೋಡುತ್ತ ಅವಳು ಅತ್ತೇಬಿಟ್ಟಳು. ಆಗ ಮಾತ್ರ ಸೋಮಲಿಂಗ ಅವಳ ಮುಖ ನೋಡಲಾರದೆ ಬಾನೆಟ್ ಎತ್ತಿ ಅದರ ಹಿಂದೆ ನಿಂತ. ಆದರೂ ಅವಳು ಅತ್ತದ್ದು ಲಾಡಸಾಬನ ಮೇಲಿನ ಸಿಟ್ಟಿಗಲ್ಲವೇ ಎಂದು ಸಮಾಧಾನ ಮಾಡಿಕೊಂಡ.

ಭಾನುವಾರ ಕ್ರೇನು ಗಾಡಿಯನ್ನು ಎಳೆದುಕೊಂಡು ಹೋಗಿ ಇಳಕಲ್ಲಿನ ಗ್ಯಾರೇಜಿನ ಮುಂದೆ ಇಳಿಸಿತು. ತಿಮ್ಮಣ್ಣನವರನ್ನು ಪಂಚರಾಗಿ ಕರೆಸಿದ್ದ. ನೋಡಲು ಬಂದವರಿಗೆ ಲೆಕ್ಕವಿರಲಿಲ್ಲ. ಸುಧಾರಾಣಿ ಕೆಂಪಾದ ಕಣ್ಣಲ್ಲಿ ಒಂದು ಬದಿಗೆ ನಿಂತಿದ್ದಳು. ಸೋಮಲಿಂಗ ಬಿಲ್ಲು ತೋರಿಸಿದ, ಗೋಡೆಯ ಬರಹವನ್ನು ಗಟ್ಟಿಯಾಗಿ ಓದಿದ, ಹೂವಿನಂಥ ಗಾಡಿ ಎರಡೇ ದಿನದಲ್ಲಿ ಸತ್ತ ಕತೆಯನ್ನು ಕರುಳು ಚುರ್ರೆನ್ನುವಂತೆ ಹೇಳಿದ.

ಲಾಡಸಾಬ ಕೈ ಒರೆಸುತ್ತ ಕೇಳುತ್ತಿದ್ದ. "ಸಾಹೇಬ್ರ, ನಿಮಗ ಆರು ಸಲ..." ಎಂದು ಶುರುಮಾಡಿದ.

"ನಿನ್ನ ಮಾತು ಬ್ಯಾಡ, ಸಾಕ್ಷಿ ಮಾತಾಡ್ತಾವ!" ಸೋಮಲಿಂಗ ಅವನ ಬಾಯಿ ಮುಚ್ಚಿಸಿದ. "ತಿಮ್ಮಣ್ಣನವರ, ಬರ್ರಿ ಇಲ್ಲಿ. ಗಾಡಿ ತಂದಾಗಿಂದ ಈ ಡಿಕ್ಕಿ ಯಾರೂ ತಗದಿಲ್ಲ. ಒಳಗ ಇವನ ಕೈಯಾರೆ ತೂತು ಹಾಕಿದ ಕ್ಯಾನ್ ಅದಾವ. ನೀವ ನೋಡ್ರಿ, ಊರೂ ನೋಡಲಿ."

ಅವನೇ ಡಿಕ್ಕಿ ಎತ್ತಿದ. ನಾಲ್ಕು ಕ್ಯಾನು ಸಾಲಾಗಿ ನಿಂತಿದ್ದವು. ತಿಮ್ಮಣ್ಣನವರು ಒಂದನ್ನು ಎತ್ತಹೋಗಿ, ಭಾರಕ್ಕೆ ಎರಡನೆಯ ಕೈ ಹಚ್ಚಿದರು. ಮುಚ್ಚಳದ ಸೀಲು ಹಾಗೇ ಇತ್ತು. ತಿರುಗಿಸಿ ನೋಡಿದರು, ತೂತಿರಲಿಲ್ಲ. ಎರಡನೆಯದಕ್ಕೂ ಇರಲಿಲ್ಲ, ಮೂರು ನಾಲ್ಕಕ್ಕೂ ಇರಲಿಲ್ಲ. "ನಾ ಎಣ್ಣಿ ಬದಲಿ ಮಾಡೇ ಇಲ್ರಿ" ಅಂದ ಲಾಡಸಾಬ, ದನಿ ಏರಿಸದೆ. "ಒಂದ್ ಹನಿ ತಗದು ಮೂಸಿದೆ, ಸುಟ್ಟ ವಾಸನಿ. ಭಾರ ಎಳದ ಗಾಡಿ, ಹೊಸಾ ಎಣ್ಣಿ ಹಾಕಿದ್ರ ಇದ್ದ ಹಿಡಿತಾನೂ ಹೋಗ್ತೈತಿ ಅಂತ ಬೋಲ್ಟ್ ಬಿಗದು ಬಿಟ್ಟೆ. ಅದನ್ನ ಹೇಳಾಕ ಆರು ಸಲ ಫೋನ್ ಹಚ್ಚಿದೆ, ನೀವು ಎತ್ತಲಿಲ್ಲ. ಅಕ್ಕಾರ ಮುಂದ ಹೇಳಿ ನಿಮ್ಮ ಮನ್ಯಾಗ ಜಗಳ ಯಾಕ ಹಚ್ಚಲಿ ಅಂತ ಸುಮ್ಕಾದೆ." ಸೋಮಲಿಂಗ ಎಲ್ಲರ ಮುಖ ನೋಡಿದ, ಒಂದನ್ನು ಬಿಟ್ಟು. ಆ ಮುಖವೇ ಜನರನ್ನು ಸರಿಸಿಕೊಂಡು ಅವನ ಮುಂದೆ ಬಂದು ನಿಂತಿತು. ಸುಧಾರಾಣಿಯ ಕಣ್ಣು ಈಗ ಒಣಗಿದ್ದವು. ಅವಳು ಎರಡನೆಯ ಕೀಲಿಗಾಗಿ ಕೈ ಚಾಚಿ, ಮೆಲ್ಲಗೆ ಕೇಳಿದಳು: "ಏನ ಎಳ್ಸೀರಿ?"