ಟವೆಲಿನ ಕೆಳಗಿನ ಗಂಟೆ

ಎಲ್ಮ್‌ಬ್ರೂಕ್ ಊರಿನಲ್ಲಿ ಬೆಳಿಗ್ಗೆ ಒಂಬತ್ತು ಇಪ್ಪತ್ತು. ಮಂದಾಕಿನಿಯವರ ಊಟದ ಮೇಜಿನ ಮೇಲಿದ್ದ ‘ಏಕಕ್ಷಣಿ’ ಮೂರು ಸಲ ಮಿನುಗಿ ಅಚ್ಚಗನ್ನಡದಲ್ಲಿ ಹೇಳಿತು: “ನಿಮ್ಮ ಸೊಸೆ ಇಂಚರಾಗೆ ಹೆಣ್ಣು ಮಗು. ಇಬ್ಬರೂ ಕ್ಷೇಮ.”

ಏಕಕ್ಷಣಿ ಅಂಗೈಯಗಲದ ಪೆಟ್ಟಿಗೆ. ಒಂದು ಸುದ್ದಿಯನ್ನು ಎಷ್ಟು ಮನೆಗೆ ಮುಟ್ಟಿಸಬೇಕೋ ಅಷ್ಟೂ ಮನೆಗೆ ಒಂದೇ ಕ್ಷಣದಲ್ಲಿ ಮುಟ್ಟಿಸುವುದು ಅದರ ಕೆಲಸ. “ಅವರಿಗೆ ಮೊದಲು ಹೇಳಿದಿರಿ, ನಮಗೆ ಆಮೇಲೆ” ಎಂಬ ಜಗಳದಲ್ಲಿ ಎಷ್ಟೋ ಸಂಬಂಧಗಳು ಹಳಸುವುದನ್ನು ಕಂಡು, ಹಾವೂ ಸಾಯದಂತೆ ಕೋಲೂ ಮುರಿಯದಂತೆ ಡಾ. ಭುವನೇಂದ್ರ ಅದನ್ನು ನಿರ್ಮಿಸಿದ್ದರು. ಅದರ ನೆತ್ತಿಯ ಮೇಲೊಂದು ‘ಇರವುಗಣ್ಣು’. ಎದುರಿಗೆ ಮನುಷ್ಯರು ಕಂಡರೆ ಮಾತ್ರ ಪೆಟ್ಟಿಗೆ ಬಾಯಿ ಬಿಡುತ್ತದೆ. ಯಾರೂ ಇಲ್ಲದಾಗ ಬಂದ ಕರೆಗಳನ್ನು ಒಳಗೇ ಕಾಪಿಟ್ಟುಕೊಂಡು, ಕೇಳಿದಾಗಷ್ಟೇ ಒಪ್ಪಿಸುತ್ತದೆ.

ಆ ಕಣ್ಣೆಂದರೆ ಮಂದಾಕಿನಿಯವರಿಗೆ ಆಗದು. ಪೆಟ್ಟಿಗೆಯನ್ನು ಉಡುಗೊರೆಯಾಗಿ ಕಳಿಸಿದ್ದು ಬೀಗಿತ್ತಿ ವೈಜಯಂತಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ತಾನು ಸಾರಿಗೆ ಎಷ್ಟು ಉಪ್ಪು ಹಾಕುತ್ತೇನೆಂಬುದೂ ಅಲ್ಲಿ ಕೂತವರಿಗೆ ಕಾಣುತ್ತಿರಬಹುದಲ್ಲ! ಅದಕ್ಕೇ ಅಡುಗೆ ಮುಗಿಯುವವರೆಗೆ ಅದರ ಮೇಲೆ ಟವೆಲು ಹೊದಿಸಿಡುವುದು ಅವರ ಅಭ್ಯಾಸ. ಅಂದೂ ಕಾಫಿಗೆ ಕೂತ ಮೇಲೆಯೇ ಅದನ್ನು ತೆಗೆದಿದ್ದರು.

ಸಂತೋಷದ ಕಣ್ಣೀರು ಆರುವ ಮೊದಲೇ ವೈಜಯಂತಿಯವರ ಫೋನು ಬಂತು. ಇಂಚರಾ ಹೆರಿಗೆಗೆ ಹೋಗಿದ್ದ ತವರು ಆಟರ್‌ಫರ್ಡ್‌ನಿಂದ.

“ಎಂಟೂ ಇಪ್ಪತ್ತಕ್ಕೆ ಸುದ್ದಿ ಬಂತು ನೋಡಿ. ನನಗಂತೂ ಕೈಕಾಲೇ ಆಡಲಿಲ್ಲ.”

ಎಂಟೂ ಇಪ್ಪತ್ತು! ಮಂದಾಕಿನಿ ಗಡಿಯಾರದ ಕಡೆ ತಿರುಗಿದರು. ಇಡೀ ಒಂದು ಗಂಟೆ ಮುಂಚೆ! ತುಮಕೂರಿನಿಂದ ಈ ಪರದೇಶಕ್ಕೆ, ಮಗನ ಮನೆಗೆ ಬಂದು ಅವರಿಗೆ ಇನ್ನೂ ಮೂರು ವಾರ. ಕಾರವಾರದಿಂದ ಕೋಲಾರದವರೆಗೆ ಗಡಿಯಾರಗಳೆಲ್ಲ ಒಂದೇ ಗಂಟೆ ತೋರಿಸುವ ದೇಶದವರು ಅವರು. ಹೆಣ್ಣುಮಕ್ಕಳಿಲ್ಲದ ಅವರು ಇಂಚರಾಳನ್ನು ಮಗಳೆಂದೇ ಅಂದುಕೊಂಡಿದ್ದರು. ಅವಳು ತನ್ನನ್ನು ಏನೆಂದುಕೊಂಡಿದ್ದಾಳೆ ಎಂಬುದು ಈಗ ಗೊತ್ತಾಯಿತು ಎನಿಸಿ ಫೋನಿಟ್ಟರು. ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಪಕ್ಕದ ಮನೆಯ ಭುವನೇಂದ್ರರ ಬಾಗಿಲು ಬಡಿದರು.

“ಏನು ಡಾಕ್ಟ್ರೇ, ನಿಮ್ಮ ಪೆಟ್ಟಿಗೇನೂ ಬೀಗಿತ್ತಿ ಕಡೆಗೇ ಸೇರ್ಕೊಂಡಿದ್ಯಾ?”

ವಿಷಯ ಕೇಳಿದ ವಿಜ್ಞಾನಿ ನಗು ತಡೆದುಕೊಂಡರು. “ಅಮ್ಮಾ, ಈ ಎರಡೂರಿನ ನಡುವೆ ಒಂದು ಗೆರೆ ಎಳೆದಿದ್ದಾರೆ. ಅದರ ಆಚೆ ಗಡಿಯಾರ ಒಂದು ಗಂಟೆ ಹಿಂದೆ ಇರುತ್ತೆ. ನಿಮ್ಮ ಒಂಬತ್ತೂ ಇಪ್ಪತ್ತು, ಅವರ ಎಂಟೂ ಇಪ್ಪತ್ತು, ಎರಡೂ ಒಂದೇ ಕ್ಷಣ. ಮುಳ್ಳು ಬೇರೆ ಅಷ್ಟೆ.”

“ಬಾಯಿಮಾತು ಬೇಡ. ತೆಗೆದು ತೋರಿಸಿ. ಅದಕ್ಕೂ ಮುಂಚೆ ಏನು ಗುಸುಗುಸು ನಡೆದಿದೆಯೋ ಅದೂ ಗೊತ್ತಾಗಲಿ.”

ಭುವನೇಂದ್ರ ಪೆಟ್ಟಿಗೆಯ ನೆನಪುಪಟ್ಟಿಯನ್ನು ತೆರೆದರು. ಸುದ್ದಿ ಎರಡೂ ಮನೆಗೆ ಒಂದೇ ಕ್ಷಣದಲ್ಲಿ ಮುಟ್ಟಿತ್ತು. ಮೇಲಿನ ಸಾಲು ಕಂಡಾಗ ಅವರ ನಗು ನಿಂತಿತು.

“ಮುಂಚೆ ಬಂದಿದೆ ಅಮ್ಮಾ. ನಿಮಗೊಬ್ಬರಿಗೇ. ನಮ್ಮ ಎಂಟೂ ಐವತ್ತೆರಡಕ್ಕೆ, ಮೂರು ಸಲ. ಆಗ ಮನೇಲಿ ಇರ್ಲಿಲ್ವಾ?”

“ಅಡುಗೇಲಿದ್ದೆ. ಟವೆಲು...” ಮಂದಾಕಿನಿ ಅಲ್ಲಿಗೇ ನಿಲ್ಲಿಸಿದರು.

ಭುವನೇಂದ್ರ ಗುಂಡಿ ಒತ್ತಿದರು. ಏದುಸಿರಿನ ನಡುವೆ ಇಂಚರಾಳ ದನಿ ಬಂತು.

“ಅತ್ತೆ, ಹೆರಿಗೆ ಕೋಣೆ ಒಳಗಡೆ ಜೊತೆಗೆ ಒಬ್ಬರ ದನಿಗೆ ಮಾತ್ರ ಬಿಡ್ತಾರಂತೆ. ನಿಮ್ಮ ಹೆಸರು ಬರೆಸಿದೀನಿ. ಅಮ್ಮನ್ನ ಕರೆದ್ರೆ ನನಗಿಂತ ಮೊದ್ಲು ಅವಳೇ ಅಳ್ತಾಳೆ. ನೀವು ಬೈಕೊಂಡಾದ್ರೂ ಮಾತಾಡ್ತಾ ಇರಿ ಅತ್ತೆ. ಭಯ ಆಗ್ತಿದೆ. ಅತ್ತೆ? ಇದೀರಾ?”

ಹುಡುಗಿ ಒಬ್ಬಳೇ ಹೆತ್ತಿದ್ದಳು. ಮಂದಾಕಿನಿ ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆ ಗಡಿಯಾರ ನೋಡಿದರು. ಒಂಬತ್ತು ಐವತ್ತೆರಡು.

“ಡಾಕ್ಟ್ರೇ, ಅಲ್ಲಿ ಒಂದು ಗಂಟೆ ಹಿಂದೆ ಅಂದ್ರಲ್ಲ. ಹಾಗಾದ್ರೆ ಅಲ್ಲಿ ಈಗ ತಾನೆ ಎಂಟೂ ಐವತ್ತೆರಡು ಅಲ್ವಾ?”

ಭುವನೇಂದ್ರರ ಬಾಯಿಗೆ ಬಂದ ವಿಜ್ಞಾನ ಅಲ್ಲೇ ಉಳಿಯಿತು.

“ಹೌದಮ್ಮಾ,” ಎಂದರು.

“ಹಾಗಿದ್ರೆ ಈಗಲೇ ಹಚ್ಚಿ. ನನ್ನ ಮಗಳು ಕೂಗ್ತಾ ಇದಾಳೆ.”

ಭುವನೇಂದ್ರ ಕರೆ ಹಚ್ಚಿದರು. ಆ ಕಡೆಯಿಂದ ಬಳಲಿದ ದನಿಯೊಂದು “ಅತ್ತೆ?” ಎಂದಿತು.

“ಇದೀನಿ ಕಣೆ,” ಎಂದರು ಮಂದಾಕಿನಿ. “ಇಲ್ಲೇ ಇದೀನಿ.”